ಎಮೊರಿ ಪ್ರೇಟರ್ ನಮ್ಮೂರಿಗೆ ಬಂದ ಭಾನುವಾರ

ನನ್ನ ತಮ್ಮ ವೆಂಡೆಲ್ ಜೈಲಿನಿಂದ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ, ಎಮೊರಿ ಪ್ರೇಟರ್ ನಮ್ಮೂರಿನ ಲೆನೋರಾ ಥಿಯೇಟರಿನಲ್ಲಿ ಹಾಡುತ್ತಾನೆಂಬ ಸುದ್ದಿ ಬಂತು. ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಆ ವಾರವೆಲ್ಲ ಅದೇ ಮಾತು. ಎಮೊರಿ ಪಕ್ಕದ ಕಣಿವೆಯವನು. ಅವನಪ್ಪನೂ ನಮ್ಮಪ್ಪನೂ ಒಂದೇ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋಗಿ ದೊಡ್ಡವನಾದ ಮೇಲೂ ಅವನು ಹಾಡು ಕಟ್ಟುವುದು ನಮ್ಮ ಕೆಂಟಕಿಯ ಬೆಟ್ಟದ ಜನರ ಮೇಲೆಯೇ. ಹಾಗಾಗಿ ಅವನು ನಮಗೆಲ್ಲ ಮನೆಯ ಹುಡುಗನಿದ್ದ ಹಾಗೆ.

ವೆಂಡೆಲ್‌ಗಂತೂ ಅವನೆಂದರೆ ಪ್ರಾಣ. ಅವನ ಹಾಡು ನುಡಿಸಬೇಕೆಂದೇ ಹದಿನಾರನೆಯ ವಯಸ್ಸಿಗೆ ಗಿಟಾರ್ ಹಿಡಿದವನು. ಜೈಲಿನಲ್ಲಿ ಒಂದು ಪುಟ್ಟ ರೇಡಿಯೋ ಕೊಂಡುಕೊಂಡಿದ್ದೂ ಅದಕ್ಕೇ.

ತೊಂದರೆಯೆಂದರೆ, ಎಮೊರಿಗೆ ಎಲ್ಲಕ್ಕಿಂತ ದೊಡ್ಡ ಹೆಸರು ತಂದ ಹಾಡು ನನ್ನ ತಮ್ಮನ ಮೇಲಿನದು.

ಅದರಲ್ಲಿ ಹೆಸರಿಲ್ಲ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಟ್ರಕ್ಕು, ಒಂದು ಸೇತುವೆ, ಅಷ್ಟೇ. ಆದರೆ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅದು ಯಾರ ಕಥೆಯೆಂದು ಗೊತ್ತಿಲ್ಲದವರಿಲ್ಲ. ಒಂಬತ್ತು ವರ್ಷದ ಹಿಂದೆ ವೆಂಡೆಲ್ ಕುಡಿದು ಟ್ರಕ್ ಓಡಿಸುತ್ತ ಲಾರೆಲ್ ಹೊಳೆಯ ಸೇತುವೆಯ ಕಂಬಿ ಮುರಿದುಕೊಂಡು ನೀರಿಗೆ ಬಿದ್ದ. ಪಕ್ಕದಲ್ಲಿ ಕೂತಿದ್ದವಳು ಅವನ ಹುಡುಗಿ, ಟೆಸ್ಸಾ ಸ್ಟಾಲರ್ಡ್. ಅವನು ಬದುಕಿದ. ಅವಳು ಬದುಕಲಿಲ್ಲ. ಕೋರ್ಟಿನಲ್ಲಿ ವೆಂಡೆಲ್ ತಪ್ಪೊಪ್ಪಿಕೊಂಡ. ಒಂದಕ್ಷರವೂ ಹೆಚ್ಚು ಮಾತಾಡಕೂಡದೆಂದು ವಕೀಲ ಅಪ್ಪಣೆ ಮಾಡಿದ್ದ, ಅವನು ಮಾತಾಡಲಿಲ್ಲ. ಎಮೊರಿ ಪತ್ರಿಕೆಯಲ್ಲಿ ಓದಿ ಹಾಡು ಬರೆದನಂತೆ. ಆ ಹಾಡಿನ ಕೊನೆಯಲ್ಲಿ ಸಾಯುವ ಹುಡುಗಿ ಹೇಳುತ್ತಾಳೆ: ‘ಅಮ್ಮನಿಗೆ ಹೇಳು, ನಾನು ಮನೆಗೇ ಹೊರಟಿದ್ದೆ.’ ಅಲ್ಲಿಗೆ ಬಂದಾಗ ಕೇಳುವವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಆ ಸಾಲು ಬರುವ ಮೊದಲೇ ನಾನು ರೇಡಿಯೋ ಆರಿಸಿಬಿಡುತ್ತೇನೆ.

ಟಿಕೆಟ್ ತರುತ್ತೇನೆಂದು ವೆಂಡೆಲ್ ಹೇಳಿದಾಗ ನಾನು ಬೀನ್ಸ್ ಬೇಯಿಸುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು.

“ತಲೆ ಕೆಟ್ಟಿದ್ಯೇನೋ? ಊರೋರೆಲ್ಲ ಅಲ್ಲಿರ್ತಾರೆ.”

“ಊರೋರ ಮಧ್ಯಾನೇ ಅಲ್ವಾ ಸಿಸ್ಸಿ ನಾನಿರೋದು? ದಿನಾ ಟೈರ್ ಅಂಗಡೀಲಿ ಅವರ ಚಕ್ರಾನೇ ಬಿಚ್ತೀನಿ.” ನನ್ನ ಹೆಸರು ಡ್ರೀಮಾ, ಆದರೆ ಅಕ್ಕ ಅನ್ನುವುದಕ್ಕೆ ಅವನು ಚಿಕ್ಕಂದಿನಿಂದ ಸಿಸ್ಸಿ ಅಂತಲೇ ಕರೆಯುವುದು.

“ಆ ಹಾಡು ಹಾಡಿದ್ರೆ?”

“ಹಾಡಿದ್ರೆ ಕೇಳ್ತೀನಿ.”

“ಸ್ಟಾಲರ್ಡ್ ಮನೆಯೋರು ಬಂದಿದ್ರೆ?”

ಟೆಸ್ಸಾಳ ಅಪ್ಪ ಅಮ್ಮನ ಜೊತೆ ಅವನು ಮಾತಾಡುವ ಹಾಗಿರಲಿಲ್ಲ. ಪೆರೋಲ್ ಮೇಲೆ ಬಿಡುವಾಗ ಹಾಕಿದ ಷರತ್ತುಗಳಲ್ಲಿ ಅದೇ ಮೊದಲನೆಯದು. ಮುರಿದರೆ ಉಳಿದ ಶಿಕ್ಷೆ ಪೂರ್ತಿ ಒಳಗೇ. ಅವನು, “ಅವರು ಯಾಕೆ ಬರ್ತಾರೆ, ಆ ಹಾಡು ಕಟ್ಟಿದೋನ ಹತ್ರ? ನೀನಾಗಿದ್ರೆ ಬರ್ತಿದ್ಯಾ?” ಅಂದ. ನನಗೂ ಅದು ಸರಿಯೆನಿಸಿತು. ನಮ್ಮಮ್ಮ ತೀರಿಕೊಂಡಾಗ ಅವನನ್ನು ಮಣ್ಣಿಗೂ ಬಿಟ್ಟಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಬಾಯಿಬಿಟ್ಟು ಬೇಕೆಂದು ಕೇಳಿದ್ದು ಇದೊಂದೇ. ನಾನು ಹೂಂ ಅಂದೆ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಚರ್ಚ್ ಮುಗಿಸಿ ಊಟ ಮಾಡಿ ಬರುವವರಿಗೆ ಅನುಕೂಲವಾಗಲೆಂದು. ಕಾರು ಓಡಿಸಿದ್ದು ನಾನೇ. ವೆಂಡೆಲ್‌ಗೆ ಲೈಸೆನ್ಸ್ ಇಲ್ಲ, ಇದ್ದರೂ ಅವನು ಓಡಿಸುವವನಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ದಾರಿಯುದ್ದಕ್ಕೂ ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ. ಖುಷಿಯೋ ಭಯವೋ ಗೊತ್ತಾಗಲಿಲ್ಲ.

ಲೆನೋರಾ ಹಳೆಯ ಸಿನಿಮಾ ಮಂದಿರ. ಇನ್ನೂರೈವತ್ತು ಜನ ಹಿಡಿಸುವುದೇ ಹೆಚ್ಚು. ಬಾಗಿಲಲ್ಲಿ ಶೆರಿಫ್ ಕಡೆಯ ಪೊಲೀಸ್ ಕಾರ್ಬಿನ್ ಪಾಪ್‌ಕಾರ್ನ್ ಮೆಲ್ಲುತ್ತ ನಿಂತಿದ್ದ. ವೆಂಡೆಲ್‌ನನ್ನು ನೋಡಿ ಮೆಲ್ಲುವುದನ್ನು ನಿಲ್ಲಿಸಿದ.

“ಹಾಡು ಕೇಳೋಕೆ ಬಂದ್ಯಾ?”

“ಹೌದು ಸಾರ್.”

“ಕೇಳ್ಕೊಂಡು ನೆಟ್ಟಗೆ ಮನೆಗೆ ಹೋಗು.”

ನಮ್ಮ ಸೀಟು ಸಾಲಿನ ನಟ್ಟನಡುವೆ. ಅಂಚಿನಲ್ಲಿ ತಗೊಳ್ಳಬೇಕಿತ್ತೆಂದು ನನಗೆ ಹೊಳೆದದ್ದು ಕೂತ ಮೇಲೆ. ಎರಡೂ ಕಡೆ ಜನ ತುಂಬಿಕೊಂಡರು. ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ನಮ್ಮ ಬಗ್ಗೆಯೇ ಇರಬೇಕು, ಇಲ್ಲದೆಯೂ ಇರಬಹುದು. ದೀಪ ಆರಿದರೆ ಸಾಕು ದೇವರೇ ಎಂದುಕೊಳ್ಳುತ್ತಿದ್ದೆ.

ದೀಪ ಆರುವುದಕ್ಕೆ ಸ್ವಲ್ಪ ಮೊದಲು ಪಕ್ಕದ ಬಾಗಿಲಿನಿಂದ ಹರ್ಷೆಲ್ ಸ್ಟಾಲರ್ಡ್ ಒಳಗೆ ಬಂದ. ಅವನ ಹಿಂದೆ ಅವನ ಹೆಂಡತಿ ಗ್ಲೆನ್ನಾ, ಚರ್ಚಿಗೆ ತೊಟ್ಟ ನೀಲಿ ಉಡುಪಿನಲ್ಲೇ. ಇಬ್ಬರೂ ನಮಗಿಂತ ನಾಲ್ಕು ಸಾಲು ಮುಂದೆ ಹೋಗಿ ಕೂತರು. ಹರ್ಷೆಲ್‌ನ ದಪ್ಪ ಕೆಂಪು ಕತ್ತು ನನ್ನ ಕಣ್ಣ ನೇರಕ್ಕೇ ಇತ್ತು.

“ಏಳು, ಹೋಗೋಣ,” ಅಂದೆ.

“ಈಗ ಎದ್ರೆ ಇಡೀ ಸಾಲು ಏಳಬೇಕು. ಅವರು ತಿರುಗಿ ನೋಡ್ತಾರೆ.”

“ವೆಂಡೆಲ್...”

“ಸುಮ್ನಿರು ಸಿಸ್ಸಿ. ಕತ್ತಲಾಗ್ಲಿ.”

ಕತ್ತಲಾಯಿತು. ಆದರೆ ಎದ್ದು ಹೋಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಎಮೊರಿ ಬಂದಿದ್ದ. ಜೊತೆಗೆ ವಾದ್ಯದವರು ಯಾರೂ ಇಲ್ಲ. ಒಂದು ಸ್ಟೂಲು, ಒಂದು ಗಿಟಾರ್, ನೀರಿನ ಲೋಟ. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದ, ಗಡ್ಡ ಬೆಳ್ಳಗಾಗಿತ್ತು. “ನಮ್ಮ ಚಿಕ್ಕಮ್ಮ ಮುಂದಿನ ಸಾಲಲ್ಲೇ ಕೂತವ್ಳೆ. ಶ್ರುತಿ ತಪ್ಪಿದ್ರೆ ಚಪ್ಪಲಿ ಎಸೀತಾಳೆ, ಹುಷಾರಾಗಿ ಹಾಡ್ತೀನಿ,” ಅಂದ. ಜನ ನಕ್ಕರು. ವೆಂಡೆಲ್ ಕೂಡ ನಕ್ಕ. ಅವನು ನಕ್ಕದ್ದನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ.

ಹಾಡುಗಳು ಚೆನ್ನಾಗಿದ್ದವೆಂದು ಎಲ್ಲರೂ ಆಮೇಲೆ ಹೇಳಿದರು. ನನಗೆ ನೆನಪಿರುವುದು ಹರ್ಷೆಲ್‌ನ ಕತ್ತು ಮಾತ್ರ. ಅದು ಯಾವ ಕಡೆ ತಿರುಗುತ್ತದೆಂದು ನೋಡುತ್ತ ಕೂತಿದ್ದೆ. ಪ್ರತಿ ಹಾಡು ಮುಗಿದಾಗಲೂ, ಮುಂದಿನದು ಅದೇ ಇರಬಹುದೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ತಂತಿ ಮೀಟಿದೊಡನೆ, ಅಲ್ಲ, ಇದು ಗಣಿ ಮುಚ್ಚಿದ್ದರ ಹಾಡು. ಅಲ್ಲ, ಇದು ಅವನಮ್ಮನ ಹಾಡು, ಎಂದು ಉಸಿರು ಬಿಡುತ್ತಿದ್ದೆ. ವೆಂಡೆಲ್ ಮಾತ್ರ ಮುಂದಕ್ಕೆ ಬಾಗಿ, ತುಟಿ ಅಲ್ಲಾಡಿಸುತ್ತ, ಎಲ್ಲ ಹಾಡುಗಳನ್ನೂ ಸದ್ದಿಲ್ಲದೆ ಜೊತೆಯಲ್ಲೇ ಹಾಡುತ್ತಿದ್ದ. ನನಗೆ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು. ಹೆದರಬೇಕಾದವನು ಅವನು. ಅವನ ಪಾಲಿನ ಹೆದರಿಕೆಯನ್ನೂ ನಾನೇ ಹೊತ್ತು ಕೂತಿದ್ದೆ.

ಕೊನೆಗೆ ಎಮೊರಿ ಗಿಟಾರಿನ ಕಿವಿ ತಿರುಗಿಸಿ ಶ್ರುತಿ ಮಾಡುತ್ತಿದ್ದಾಗ ಹಿಂದಿನಿಂದ ಯಾವನೋ ಕೂಗಿದ: “ಸೇತುವೆ ಹಾಡು!” ಇನ್ನಿಬ್ಬರು ಚಪ್ಪಾಳೆ ತಟ್ಟಿದರು.

ಎಮೊರಿ ತಲೆಯೆತ್ತಲಿಲ್ಲ. “ಅದನ್ನ ಈ ಕೌಂಟೀಲಿ ನಾನು ಹಾಡಲ್ಲ ಕಣ್ರಪ್ಪಾ,” ಅಂದ. “ಬೇರೆ ಏನಾದ್ರೂ ಕೇಳಿ.”

ನನ್ನ ಮೈ ಹಗುರಾಯಿತು. ಅವನನ್ನು ಹೋಗಿ ತಬ್ಬಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಗ್ಲೆನ್ನಾ ಎದ್ದು ನಿಂತಳು. ಹರ್ಷೆಲ್ ಅವಳ ತೋಳು ಹಿಡಿದು ಜಗ್ಗಿದ. ಅವಳು ಬಿಡಿಸಿಕೊಂಡಳು.

“ನಾನು ಟೆಸ್ಸಾ ಅಮ್ಮ,” ಅಂದಳು. ದನಿಯೇನೂ ಜೋರಿರಲಿಲ್ಲ, ಆದರೂ ಇಡೀ ಮಂದಿರಕ್ಕೆ ಕೇಳಿಸಿತು. “ಬೇರೆ ಊರಲ್ಲೆಲ್ಲ ಹಾಡ್ತೀರಂತೆ. ನನ್ನೆದುರಿಗೂ ಹಾಡಿ.”

ಎಮೊರಿ ಬಿಳಿಚಿಕೊಂಡಿದ್ದ. “ಬೇಕಾ ಮ್ಯಾಮ್?” ಎಂದು ಕೇಳಿದ. “ಬೇಕು,” ಎಂದು ಅವಳು ಕೂತಳು.

ಅವನು ಹಾಡಿದ. ಕೈ ಎರಡು ಸಲ ತಪ್ಪಿತು. ವೆಂಡೆಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತ, ಬೈಸಿಕೊಳ್ಳುವ ಹುಡುಗನ ಹಾಗೆ. ಈ ಸಲ ತುಟಿ ಅಲ್ಲಾಡಲಿಲ್ಲ. ಆರಿಸಲು ನನ್ನ ಮುಂದೆ ರೇಡಿಯೋದ ಗುಂಡಿ ಇರಲಿಲ್ಲ. ಕೊನೆಯ ಸಾಲು ಬಂದಾಗ ಅಕ್ಕಪಕ್ಕದವರು ಮೂಗೆಳೆದುಕೊಂಡರು. ಗ್ಲೆನ್ನಾ ಅಳಲಿಲ್ಲ. ದೂರದಲ್ಲಿ ಯಾರೋ ಆಡಿದ ಮಾತು ಸರಿಯಾಗಿ ಕೇಳಿಸದೆ ಹೋದರೆ ಕತ್ತು ಮುಂದೆ ಚಾಚುತ್ತೇವಲ್ಲ, ಹಾಗೆ ಚಾಚಿ ಕೇಳುತ್ತಿದ್ದಳು.

ಮುಗಿದ ಮೇಲೆ ನಾವು ಏಳಲಿಲ್ಲ. ಎಲ್ಲರೂ ಹೋಗಲಿ, ಸ್ಟಾಲರ್ಡ್ ಮನೆಯವರು ಹೋಗಿಬಿಡಲಿ ಎಂದು ಕಾದೆವು. ಹರ್ಷೆಲ್ ದಡದಡನೆ ಹೊರಗೆ ನಡೆದದ್ದನ್ನು ಕಂಡೆ. ಹೆಂಡತಿಯೂ ಹಿಂದೆಯೇ ಹೋಗಿರಬೇಕೆಂದುಕೊಂಡೆ. ಮಂದಿರ ಖಾಲಿಯಾಗಿ, ಗುಡಿಸುವವಳು ಪೊರಕೆ ಹಿಡಿದು ಬಂದ ಮೇಲೆ ಹೊರಟೆವು.

ಮುಂಬಾಗಿಲಿನ ಪಡಸಾಲೆ ಬಹಳ ಇಕ್ಕಟ್ಟು. ಒಂದು ಮೇಜು ಹಾಕಿಕೊಂಡು ಎಮೊರಿ ತನ್ನ ಹಾಡಿನ ತಟ್ಟೆಗಳಿಗೆ ಸಹಿ ಹಾಕುತ್ತಿದ್ದ. ಸರತಿಯಲ್ಲಿ ಉಳಿದಿದ್ದವಳು ಒಬ್ಬಳೇ. ಗ್ಲೆನ್ನಾ. ನಾನು ವೆಂಡೆಲ್‌ನ ಅಂಗಿ ಹಿಡಿದು ಹಿಂದಕ್ಕೆಳೆದೆ. ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ. ಗೋಡೆಗೆ ಅಂಟಿ ನಿಂತೆವು. ಬಾಗಿಲ ಬಳಿ ಕಾರ್ಬಿನ್ ಇದ್ದ. ಅವನು ನಮ್ಮನ್ನು ನೋಡಿದ, ಆಮೇಲೆ ಗ್ಲೆನ್ನಾಳನ್ನು ನೋಡಿದ.

“ಒಂದು ಮಾತು ಕೇಳ್ಬೇಕಿತ್ತು,” ಅಂದಳು ಗ್ಲೆನ್ನಾ. “ಮನೆಗೇ ಹೊರಟಿದ್ದೆ ಅಂತ ಅವಳು ಹೇಳಿದ್ದು ನಿಮಗೆ ಯಾರು ಹೇಳಿದ್ರು?”

ಎಮೊರಿ ಪೆನ್ನು ಕೆಳಗಿಟ್ಟ. “ಯಾರೂ ಹೇಳ್ಲಿಲ್ಲ ಮ್ಯಾಮ್. ನಾನೇ ಬರೆದದ್ದು. ಹಾಡಿಗೆ ಹಾಗೆ ಬೇಕಿತ್ತು.”

“ಹಾಡಿಗೆ ಬೇಕಿತ್ತು.”

“ನಿಮಗೆ ನೋವಾಗಿದ್ರೆ...”

“ನೋವಲ್ಲಪ್ಪ. ಆ ಸಾಲು ಇಟ್ಕೊಂಡೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದು. ಅದಕ್ಕೇ ಕೇಳ್ದೆ.” ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ತಿರುಗಿದಳು. ತಿರುಗಿದಾಗ ವೆಂಡೆಲ್ ಕಣ್ಣಿಗೆ ಬಿದ್ದ.

ಅವಳು ನೇರವಾಗಿ ನಮ್ಮ ಹತ್ತಿರಕ್ಕೇ ಬಂದಳು.

“ಗ್ಲೆನ್ನಾ, ಬೇಡಿ,” ಅಂದೆ. “ಅವನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ಮತ್ತೆ ಒಳಗೆ ಹಾಕ್ತಾರೆ. ದಮ್ಮಯ್ಯ ಅಂತೀನಿ.”

“ಗೊತ್ತು ಡ್ರೀಮಾ. ನಾನು ಮಾತಾಡೋ ಹಾಗಿದ್ಯಲ್ಲ.” ಅವಳು ಕಾರ್ಬಿನ್ ಕಡೆ ತಿರುಗಿ, “ಅವನಾಗೇ ನನ್ನ ಹತ್ರ ಬಂದಿಲ್ಲ. ನಾನೇ ಬಂದಿದ್ದೀನಿ. ನೋಡ್ಕೋ,” ಅಂದಳು.

ಕಾರ್ಬಿನ್ ಇದ್ದ ಜಾಗದಲ್ಲೇ ನಿಂತ.

“ಅವಳು ಮನೆಗೆ ಬರ್ತಿದ್ಲಾ?” ಎಂದು ವೆಂಡೆಲ್‌ನನ್ನು ಕೇಳಿದಳು.

ಹೂಂ ಅಂತ ತಲೆಯಾಡಿಸಿಬಿಡೋ, ಬರೀ ತಲೆಯಾಡಿಸು, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ತಲೆಯಾಡಿಸಿದರೆ ಮಾತಾಡಿದ ಹಾಗಾಗುವುದಿಲ್ಲ. ಅವಳಿಗೂ ಸಮಾಧಾನ, ನಮಗೂ ಬಿಡುಗಡೆ.

“ಇಲ್ಲ ಮ್ಯಾಮ್,” ಅಂದ ವೆಂಡೆಲ್. “ಮನೆಗಲ್ಲ. ನಾವು ಆಚೆ ಕಡೆ ಹೋಗ್ತಿದ್ವಿ. ಒಹಾಯೋಗೆ, ನನ್ನ ಕಸಿನ್ ಮನೆಗೆ. ವಾಪಸ್ ಬರಲ್ಲ ಅಂತ ಬಟ್ಟೆ ಎಲ್ಲಾ ತಂದಿದ್ಲು.”

ಗ್ಲೆನ್ನಾ ಮೆಲ್ಲಗೆ ತಲೆಯಾಡಿಸಿದಳು. “ಟ್ರಕ್ಕಿನ ಮೂತಿ ಆ ಕಡೆ ಇತ್ತು. ಮಾರನೆ ದಿನ ಹೋಗಿ ನೋಡಿದ್ದೆ. ಮನೆ ಕಡೆ ಇರ್ಲಿಲ್ಲ. ಎಲ್ಲರಿಗೂ ಕಾಣ್ತಿತ್ತು, ಒಬ್ಬರೂ ಬಾಯಿ ಬಿಡ್ಲಿಲ್ಲ.” ಆಮೇಲೆ ಕೇಳಿದಳು: “ನನ್ನ ಮೇಲೆ ಸಿಟ್ಟಲ್ಲಿ ಇದ್ಲಾ? ಅವತ್ತು ನಾನು ತುಂಬಾ ಕೆಟ್ಟದಾಗಿ ಬೈದಿದ್ದೆ.”

“ಇದ್ಲು. ಊರು ದಾಟೋವರೆಗೂ ನಿಮ್ಮನ್ನ ಬೈದ್ಲು.” ವೆಂಡೆಲ್‌ನ ಕೈ ಟೋಪಿಯನ್ನು ಹಿಂಡುತ್ತಿತ್ತು. “ಆಮೇಲೆ ನಿಮ್ಮ ಥರಾನೇ ಮಾಡಿ ತೋರಿಸಿದ್ಲು. ಸೊಂಟದ ಮೇಲೆ ಕೈ ಇಟ್ಕೊಂಡು, ಬಾಣಲೆ ಆಡಿಸ್ಕೊಂಡು. ಆಮೇಲೆ ಅವಳಿಗೇ ನಗು ಬಂತು. ನಗ್ತಾ ನಗ್ತಾ ಶೂ ಬಿಚ್ಚಿ, ಕಾಲು ಮೇಲಿಟ್ಕೊಂಡು ನಿದ್ದೆ ಹೋದ್ಲು. ಎದ್ದೇಳ್ಲೇ ಇಲ್ಲ ಮ್ಯಾಮ್. ಏನೂ ಹೇಳ್ಲಿಲ್ಲ. ನಾನು ಕುಡಿದಿದ್ದೆ. ಸೇತುವೆ ಬಂದಿದ್ದೇ ನನಗೆ ಕಾಣ್ಲಿಲ್ಲ.”

ಗ್ಲೆನ್ನಾಳ ಬಾಯಿಂದ ಒಂದು ಸದ್ದು ಹೊರಟಿತು. ಅದು ನಗುವೂ ಅಲ್ಲ, ಅಳುವೂ ಅಲ್ಲ. “ಬಾಣಲೆ,” ಅಂದಳು. “ಹೌದು, ಹಾಗೇ ಮಾಡ್ತಿದ್ಲು. ನನ್ನೆದುರಿಗೇ ಮಾಡ್ತಿದ್ಲು, ಪೋರಿ.” ಮೇಜಿನ ಅಂಚು ಹಿಡಿದುಕೊಂಡಳು. ಎಮೊರಿ ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ.

ಆಗ ಹೊರಗಿನ ಬಾಗಿಲು ತೆರೆಯಿತು. ಕಾರಿನಲ್ಲಿ ಕಾದು ಸಾಕಾಗಿ ಹರ್ಷೆಲ್ ಹೆಂಡತಿಯನ್ನು ಕರೆಯಲು ಬಂದಿದ್ದ. ಅವನು ಮೊದಲು ಅವಳನ್ನು ನೋಡಿದ, ಆಮೇಲೆ ವೆಂಡೆಲ್‌ನನ್ನು. ಮುಖಕ್ಕೆ ರಕ್ತ ನುಗ್ಗಿತು.

“ಏಯ್! ಅವಳ ಹತ್ರ ಏನೋ ನಿಂದು ಮಾತು?”

ವೆಂಡೆಲ್ ಕೈ ಎರಡನ್ನೂ ಕೆಳಗೆ ಇಳಿಬಿಟ್ಟು ನಿಂತ. ಹೊಡೆದರೆ ಹೊಡೆಸಿಕೊಳ್ಳುತ್ತಾನೆಂದು ನನಗೆ ಗೊತ್ತಾಯಿತು. ನಾನು ನಡುವೆ ನುಗ್ಗಿದೆ. ಕಾರ್ಬಿನ್ ನನಗಿಂತ ಮೊದಲೇ ಬಂದು ಹರ್ಷೆಲ್‌ನ ಎದೆಗೆ ಅಂಗೈ ಒಡ್ಡಿದ.

“ನೋಡಿದ್ಯೋ ಇಲ್ವೋ ನೀನು?” ಹರ್ಷೆಲ್ ಕೂಗಿದ. “ಇವನು ಮಾತಾಡ್ಬಾರ್ದು ಅಂತ ಷರತ್ತೇ ಇದೆ!”

“ನಿನ್ನ ಹೆಂಡ್ತಿ ಕೇಳಿದ್ಲು ಹರ್ಷೆಲ್. ಅವನು ಉತ್ತರ ಕೊಟ್ಟ.”

“ನಾಳೆನೇ ಫೋನ್ ಮಾಡ್ತೀನಿ. ನಿನ್ನ ಹೆಸರೂ ಸೇರಿಸ್ತೀನಿ. ಇವನು ಅಲ್ಲೇ ಕೊಳೀಬೇಕು.” ಅವನ ದನಿ ಒಡೆದು ಹೋಗಿತ್ತು. ಗ್ಲೆನ್ನಾ ಅವನ ತೋಳಿಗೆ ಕೈ ಸೇರಿಸಿ ಹೊರಗೆ ಕರೆದುಕೊಂಡು ಹೋದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ಎಮೊರಿ ಮೇಜಿನ ಹಿಂದೆ ಕಲ್ಲಿನ ಹಾಗೆ ನಿಂತಿದ್ದ. ಅವನು ವೆಂಡೆಲ್ ಕಡೆ ಕೈ ಚಾಚಿದ. ವೆಂಡೆಲ್ ಕುಲುಕಿದ. ಜೈಲಿನಲ್ಲಿ ಎಷ್ಟು ಸಲ ಈ ಗಳಿಗೆಯನ್ನು ಕಲ್ಪಿಸಿಕೊಂಡಿದ್ದನೋ. ಈಗ “ಹಾಡೆಲ್ಲ ಚೆನ್ನಾಗಿತ್ತು ಸಾರ್,” ಎಂದಷ್ಟೇ ಹೇಳಿ ಬಂದ.

ಕಾರಿನಲ್ಲಿ ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. “ಒಂದು ಸುಳ್ಳು ಹೇಳೋಕೆ ಏನಾಗಿತ್ತು ನಿಂಗೆ? ಆ ಹೆಂಗಸು ಅದನ್ನೇ ನಂಬ್ಕೊಂಡಿದ್ಲಲ್ಲ!”

“ನಂಬಿರ್ಲಿಲ್ಲ ಸಿಸ್ಸಿ. ಕೇಳಿಸ್ಕೊಂಡ್ಯಲ್ಲ.”

“ಜೈಲಿಗೆ ಹೋಗ್ತೀಯ, ಅಷ್ಟೇ.”

“ಹೋದ್ರೆ ಹೋಗ್ತೀನಿ. ಕೋರ್ಟಲ್ಲೇ ಹೇಳ್ಬೇಕಿತ್ತು. ಅವರಮ್ಮ ಅಲ್ಲೇ ಕೂತಿದ್ರು, ದಿನಾ ನನ್ನ ಬಾಯೇ ನೋಡ್ತಿದ್ರು.” ಆಮೇಲೆ ಅವನು ಕಿಟಕಿಗೆ ತಲೆಯಾನಿಸಿ ಅತ್ತ. ನಾನು ಕಾರನ್ನು ರಸ್ತೆ ಬದಿಗೆ ಹಾಕಿ, ಅವನ ಬೆನ್ನ ಮೇಲೆ ಕೈಯಿಟ್ಟು ಕೂತೆ. ಬೈಯಲು ಶಕ್ತಿ ಉಳಿದಿರಲಿಲ್ಲ.

ಹರ್ಷೆಲ್ ಹೇಳಿದ ಹಾಗೇ ಫೋನ್ ಮಾಡಿದ. ಬುಧವಾರ ಬಾ ಎಂದು ಪೆರೋಲ್ ಅಧಿಕಾರಿಣಿ ಲೆಡ್‌ಫೋರ್ಡ್ ಕಡೆಯಿಂದ ಕರೆ ಬಂತು. ಅಲ್ಲಿಯವರೆಗೆ ನಾನು ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲ. ಶಾಲೆಯಲ್ಲಿ ಎರಡು ಸಲ ಬ್ರೆಡ್ ಸೀಯಿಸಿದೆ. ವೆಂಡೆಲ್ ತನ್ನ ಬಟ್ಟೆಯನ್ನೆಲ್ಲ ಒಗೆದು ಮಡಚಿಟ್ಟ, ಗಿಟಾರನ್ನು ನನ್ನ ಕೋಣೆಗೆ ತಂದಿಟ್ಟ.

ಲೆಡ್‌ಫೋರ್ಡ್ ನಮ್ಮಿಬ್ಬರನ್ನೂ ಕೂರಿಸಿ ಬಹಳ ಹೊತ್ತು ತನ್ನ ಕನ್ನಡಕ ಒರೆಸಿದಳು. ಕಾರ್ಬಿನ್ ನಡೆದದ್ದನ್ನು ನಡೆದ ಹಾಗೇ ಹೇಳಿದ್ದನಂತೆ. ಗ್ಲೆನ್ನಾ ಸೋಮವಾರ ಬೆಳಿಗ್ಗೆ ಗಂಡನಿಗಿಂತ ಮೊದಲೇ ಫೋನ್ ಮಾಡಿ, ಮಾತಾಡಿಸಿದ್ದು ತಾನೇ ಎಂದಿದ್ದಳಂತೆ.

“ಅವರೇ ನಿನ್ನ ಹತ್ರ ಬಂದ್ರು ಅನ್ನೋದು ನನಗೆ ಲೆಕ್ಕಕ್ಕಿಲ್ಲ,” ಅಂದಳು. “ಅವರನ್ನ ಕಂಡಾಗ್ಲೇ ನೀನು ಎದ್ದು ಹೊರಗೆ ಹೋಗ್ಬೇಕಿತ್ತು. ಷರತ್ತು ಇದ್ದ ಹಾಗೇ ಇರುತ್ತೆ. ಇದೊಂದು ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ. ಇನ್ನೊಂದ್ಸಲ ಆದ್ರೆ ನಿನ್ನಕ್ಕ ಅತ್ರೂ ಕೇಳಲ್ಲ.”

“ಆಯ್ತು ಮ್ಯಾಮ್.”

“ಹೋಗು. ಕೆಲಸಕ್ಕೆ ಹೊತ್ತಾಗುತ್ತೆ.”

ಹೊರಗೆ ಬಿಸಿಲಿತ್ತು. ವೆಂಡೆಲ್‌ನನ್ನು ಟೈರ್ ಅಂಗಡಿಯ ಮುಂದೆ ಇಳಿಸಿದೆ. ಅವನು ಟೋಪಿ ಹಿಂದಕ್ಕೆ ತಳ್ಳಿಕೊಂಡು, ಅಂಗಡಿಯವನು ಏನೋ ಕೇಳಿದ್ದಕ್ಕೆ ಉತ್ತರ ಕೊಡುತ್ತ ಒಳಗೆ ಹೋದ. ಹರ್ಷೆಲ್ ಈಗಲೂ ರಸ್ತೆಯಲ್ಲಿ ನಮ್ಮನ್ನು ಕಂಡರೆ ಕಾರಿನ ವೇಗ ಹೆಚ್ಚಿಸುತ್ತಾನೆ. ಗ್ಲೆನ್ನಾಳನ್ನು ನಾನು ಅಂಗಡಿಯಲ್ಲಿ ಆಗಾಗ ಕಾಣುತ್ತೇನೆ. ನನಗೆ ಯಾವ ಷರತ್ತೂ ಇಲ್ಲ, ಮಾತಾಡಿಸಬಹುದು. ಇನ್ನೂ ಮಾತಾಡಿಸಿಲ್ಲ. ಅವತ್ತು ವೆಂಡೆಲ್ ಅಂಗಡಿಯೊಳಗೆ ಹೋದ ಮೇಲೂ ನಾನು ಕಾರು ಹೊರಡಿಸಲಿಲ್ಲ. ಅವನು ಚಕ್ರ ಬಿಚ್ಚುವ ಸದ್ದು ಕೇಳಿಸುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಶಾಲೆಗೆ ಹೋದೆ.